ಹೃದಯದ ಎಕೋ ಸ್ಕ್ಯಾನ್ ಚೆನ್ನಾಗಿದೆ, ಆದರೂ ಮೆಟ್ಟಿಲು ಹತ್ತಿದರೆ ಅಮ್ಮನಿಗೆ ಏದುಸಿರು. ನಡೆಸಬಹುದಾ?

ಪ್ರಶ್ನೆ (ತುಮಕೂರಿನಿಂದ)
ಅಮ್ಮನಿಗೆ 68. ಬಿಪಿ 20 ವರ್ಷದಿಂದ ಇದೆ, ಶುಗರ್ ಕೂಡ. ಬೇಸಿಗೆ ಬಂದರೆ ತಾರಸಿಯಲ್ಲಿ ಸಂಡಿಗೆ ಇಡಲೇಬೇಕು ಅವರಿಗೆ. 18 ಮೆಟ್ಟಿಲು. ಈ ಸಲ ಏಳನೇ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತುಬಿಟ್ಟರು. ಹಿಟ್ಟಿನ ಪಾತ್ರೆ ಸೊಂಟದ ಮೇಲೆ ಹಾಗೇ ಇತ್ತು, ನನ್ನನ್ನು ಕರೆಯೋಕೂ ಉಸಿರಿರಲಿಲ್ಲ. ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳೋ ರಕ್ತದ ಪಾಲು) 62% ಬಂತು, ಪಂಪಿಂಗ್ ಚೆನ್ನಾಗಿದೆ ಅಂದರು. ಆದರೆ ಚೀಟಿಯಲ್ಲಿ ಹಾರ್ಟ್ ಫೇಲ್ಯೂರ್ ಅಂತ ಬರೆದಿದ್ದಾರೆ! ಎರಡೂ ಹೇಗೆ ನಿಜ? ಅಮ್ಮ ಹೆದರಿ ಅಂಗಳಕ್ಕೂ ಇಳಿಯುತ್ತಿಲ್ಲ. ಸುಮ್ನೆ ಕೂರಿಸೋದು ಸರಿನಾ?

ಉತ್ತರ 1
ನಾನು ಫಿಸಿಯೋಥೆರಪಿಸ್ಟ್, ಹೃದಯದ ಪೇಷೆಂಟ್‌ಗಳಿಗೆ ವ್ಯಾಯಾಮ ಮಾಡಿಸುತ್ತೇನೆ. ಎರಡೂ ನಿಜ. ಇಎಫ್ ಹೇಳೋದು ಹೃದಯ ಎಷ್ಟು ಹಿಂಡುತ್ತದೆ ಅಂತ ಮಾತ್ರ. ಹಿಂಡೋಕೆ ಮೊದಲು ಸಡಿಲಾಗಿ ತುಂಬಿಕೊಳ್ಳಬೇಕಲ್ವಾ? ವರ್ಷಗಟ್ಟಲೆ ಬಿಪಿ, ಶುಗರ್ ಇದ್ದವರಲ್ಲಿ ಆ ಸ್ನಾಯು ಗಡುಸಾಗಬಹುದು, ಊದೋಕೆ ಕಷ್ಟವಾಗೋ ಹೊಸ ಬಲೂನಿನ ಹಾಗೆ. ಕೂತಾಗ ತುಂಬಿಕೊಳ್ಳೋಕೆ ಪುರುಸೊತ್ತು ಸಿಗುತ್ತದೆ. ಮೆಟ್ಟಿಲು ಹತ್ತುವಾಗ ಬಡಿತ ಜೋರಾಗುತ್ತದೆ, ಪುರುಸೊತ್ತು ಕಮ್ಮಿ. ಒಳಗಿನ ಒತ್ತಡ ಏರಿ ಶ್ವಾಸಕೋಶದವರೆಗೂ ಮುಟ್ಟುತ್ತದೆ. ಅದೇ ಏದುಸಿರು. ಮಲಗಿಸಿ ಮಾಡಿದ ಎಕೋದಲ್ಲಿ ಇದು ಪೂರ್ತಿ ಕಾಣದೇ ಇರಬಹುದು.

ದಯವಿಟ್ಟು ಕೂರಿಸಬೇಡಿ. ಕಾಲು ಊತ, ಮಲಗಿದರೆ ಉಸಿರು ಕಟ್ಟೋದು, ಎದೆನೋವು ಇದ್ದರೆ ಮಾತ್ರ ಮೊದಲು ಡಾಕ್ಟರು, ಆಮೇಲೆ ನಡಿಗೆ.

ಉತ್ತರ 2
ನೋಡಮ್ಮ, ನನಗೆ 71, ಇದೇ ಕಾಯಿಲೆ. ಶುರುವಿನಲ್ಲಿ ಬೀದಿ ಕೊನೆಯ ಹಾಲಿನ ಬೂತಿಗೆ ಹೋಗೋಕೆ ಮೂರು ಕಡೆ ನಿಲ್ಲುತ್ತಿದ್ದೆ. ದಿನಕ್ಕೆ 5 ನಿಮಿಷದಿಂದ ಶುರು ಮಾಡಿದೆ. ನಾಲ್ಕು ತಿಂಗಳಾಯಿತು, ಈಗ 25 ನಿಮಿಷ. ಮಾತಾಡುತ್ತಾ ನಡೆಯೋಕೆ ಆಗಬೇಕು, ಅಷ್ಟೇ ವೇಗ. ನಮ್ಮ ಡಾಕ್ಟರು ಶುಗರ್‌ಗೂ ಹಾರ್ಟ್ ಫೇಲ್ಯೂರ್‌ಗೂ ಕೊಡೋ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನೂ ಕೊಟ್ಟಿದ್ದಾರೆ. ಬೆಳಿಗ್ಗೆ ಕಾಫಿಗೆ ಮುಂಚೆ ತೂಕ ನೋಡುತ್ತೇನೆ, ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ನೀರು ತುಂಬಿದೆ ಅಂತ ಫೋನ್ ಮಾಡುತ್ತೇನೆ. ಇನ್ನೊಂದು ಮಾತು. ಆ ಸಂಡಿಗೆಯಲ್ಲೇ ಉಪ್ಪು ಜಾಸ್ತಿ. ಅಮ್ಮ ಸಂಡಿಗೆ ಇಡಲಿ ಪಾಪ, ತಿನ್ನೋದು ಕಮ್ಮಿ ಮಾಡಿಸಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ನಡೆದರೆ ಆ ಗಡುಸುತನ ಹೋಗುತ್ತಾ?

ಉತ್ತರ 1
ಆ ಆಸೆ ಹುಟ್ಟಿಸಲ್ಲ. ಅಮೆರಿಕದ ಡಲ್ಲಾಸಿನಲ್ಲಿ 2 ವರ್ಷ ವ್ಯಾಯಾಮ ಮಾಡಿದವರ ಹೃದಯ ಮೆತ್ತಗಾಯಿತು ಅಂತ 2018ರಲ್ಲಿ ವರದಿ ಬಂತು. ಆದರೆ ಅವರು 45ರಿಂದ 64ರ ಒಳಗಿನ ಆರೋಗ್ಯವಂತರು, ಬರೀ ಕೂತು ಕೆಲಸ ಮಾಡುತ್ತಿದ್ದವರು. ಕಾಯಿಲೆ ಬಂದಮೇಲೆ ಲಾಭ ಜಾಸ್ತಿ ಕಾಲಿನಲ್ಲಿ. ಕಾಲಿನ ಸ್ನಾಯು ಪಳಗಿದರೆ ಅದೇ ರಕ್ತದಿಂದ ಜಾಸ್ತಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಹೃದಯ ಅಷ್ಟೇ ಗಡುಸಾಗಿದ್ದರೂ ಏಳನೇ ಮೆಟ್ಟಿಲು ದಾಟಬಹುದು. ಪಾತ್ರೆ ಮಾತ್ರ ನೀವು ಹೊತ್ತುಕೊಳ್ಳಿ.