ನಾಲ್ಕೂ ಪ್ಲಗ್‌ನಲ್ಲಿ ಕಿಡಿ ಇದೆ, ಆದ್ರೂ ಮಾಡೆಲ್ ಟಿ ಎರಡೇ ಸಿಲಿಂಡರಲ್ಲಿ ಓಡ್ತಿದೆ, ಯಾಕೆ?

ಗಾಂಧಿಬಜಾರ್_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಸೋದರಮಾವನ ಹತ್ತಿರ 1924ರ ಫೋರ್ಡ್ ಮಾಡೆಲ್ ಟಿ ಇದೆ. ಅವರ ತಾತನ ಕಾಲದ್ದು. ವರ್ಷವಿಡೀ ಬಸವನಗುಡಿ ಮನೆಯ ಶೆಡ್ಡಲ್ಲಿ ಟಾರ್ಪಾಲು ಹೊದ್ದು ಮಲಗಿರುತ್ತದೆ. ಆಯುಧಪೂಜೆ ದಿನ ಮಾತ್ರ ಎದ್ದು, ನಿಂಬೆಹಣ್ಣು ತುಳಿದು, ಲಾಲ್‌ಬಾಗ್ ಗೇಟ್‌ವರೆಗೆ ಹೋಗಿ ಬರಲೇಬೇಕು ಅಂತ ಮಾವನ ಹಠ.

ಹೋದ ತಿಂಗಳ ಮಳೆಯಲ್ಲಿ ಮೂರನೇ ಸಿಲಿಂಡರ್ ಮಿಸ್ಸಿಂಗ್ ಶುರುವಾಯಿತು. ಬಿಸಿಲು ಬಂದರೆ ಸರಿ, ಮೋಡ ಕಟ್ಟಿದರೆ ಮತ್ತೆ ಅದೇ ಕಥೆ. ಗೊತ್ತಿರೋ ಮೇಸ್ತ್ರಿ ಒಬ್ಬರನ್ನು ಕರೆಸಿದೆವು. ವೈರುಗಳನ್ನ ಇಲಿ ಕಡಿದು ಹಾಕಿತ್ತು, ಬಟ್ಟೆ ಸುತ್ತಿದ ಹಳೇ ವೈರ್ ಬೇರೆ. ಎಲ್ಲ ಕಿತ್ತು ಹೊಸದು ಎಳೆದರು. ಪ್ಲಗ್ ವೈರ್ ನಾಲ್ಕು, ಮುಂದೆ ಟೈಮರ್‌ಗೆ (ಯಾವ ಕಾಯಿಲ್‌ಗೆ ಯಾವಾಗ ಕರೆಂಟ್ ಅಂತ ಸರದಿ ಹಂಚುವ ಸ್ವಿಚ್) ಹೋಗುವ ವೈರ್ ನಾಲ್ಕು.

ಅಲ್ಲಿಂದ ಇನ್ನೂ ಹಾಳು. ಸ್ಟಾರ್ಟ್ ಆಗುತ್ತದೆ, ಆದರೆ ಶಕ್ತಿಯೇ ಇಲ್ಲ. ಕಾರ್ಬ್ಯುರೇಟರ್ ಸೀನುತ್ತದೆ, ಸೈಲೆನ್ಸರಲ್ಲಿ ಪಟಾಕಿ. ಯಾವ ಸಿಲಿಂಡರ್ ಬಿಸಿಯಾಗಿದೆ ಅಂತ ಒಂದೊಂದರ ಹತ್ತಿರ ನೀರಿನ ಹನಿ ಹಾಕಿ ನೋಡಿದೆ. 1 ಮತ್ತು 4ರ ಹತ್ತಿರ ಚುರ್ ಅನ್ನುತ್ತದೆ, 2 ಮತ್ತು 3 ತಣ್ಣಗೆ ಕೂತಿವೆ. ತಮಾಷೆ ಏನು ಅಂದರೆ ಪ್ಲಗ್ ಬಿಚ್ಚಿ ಹೆಡ್ ಮೇಲಿಟ್ಟು ಹ್ಯಾಂಡಲ್ ತಿರುಗಿಸಿದರೆ ನಾಲ್ಕರಲ್ಲೂ ಒಳ್ಳೇ ನೀಲಿ ಕಿಡಿ! ಮೇಸ್ತ್ರಿ ಕಾರ್ಬ್ಯುರೇಟರ್ ಹೋಗಿದೆ ಅಂತಾರೆ. ಮಾವ ಕಾಯಿಲ್ ಹೋಗಿದೆ ಅಂತಾರೆ. ನಂಗೆ ತಲೆ ಹೋಗಿದೆ.

ಇನ್ನೊಂದು ಪ್ರಶ್ನೆ, ಇದಕ್ಕೆ ನಾಲ್ಕು ಕಾಯಿಲ್ ಯಾಕೆ? ಮರದ ಪೆಟ್ಟಿಗೆ ನಾಲ್ಕು, ಎಲ್ಲ ಗುಂಯ್ ಅಂತ ದುಂಬಿ ಥರ ಸದ್ದು ಮಾಡುತ್ತವೆ. ತೆಗೆದು ಒಂದು ಮಾರುತಿ ಕಾಯಿಲ್ ಹಾಕಬಹುದಾ?

ರಿಂಗ್‌ರೋಡ್_ರೈಡರ್

ಹಾಕು ಗುರು. ಜೆಸಿ ರೋಡಲ್ಲಿ ಕಾಯಿಲ್ ತಗೋ, 12 ವೋಲ್ಟ್ ಬ್ಯಾಟರಿ ಕೊಡು, ಮುಗೀತು. ನೂರು ವರ್ಷದ ಮರದ ಡಬ್ಬ ಇಟ್ಕೊಂಡು ಏನು ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ?

ವೈಂಡಿಂಗ್_ತಾತ

ರೈಡರ್ ಅವರೇ, ಒಂದೇ ಕಾಯಿಲ್ ಹಾಕಿದರೆ ಅದರ ಕರೆಂಟನ್ನು ಸರದಿ ಪ್ರಕಾರ ನಾಲ್ಕು ಪ್ಲಗ್‌ಗೆ ಹಂಚೋಕೆ ಡಿಸ್ಟ್ರಿಬ್ಯೂಟರ್ ಬೇಕು. ಆ ಗಾಡಿಗೆ ಅದೇ ಇಲ್ಲ. ಹಂಚೋರು ಯಾರು, ನೀವು ಬಾನೆಟ್ ಮೇಲೆ ಕೂತು ಹಂಚ್ತೀರಾ?

ನಾನು ಮೂವತ್ತು ವರ್ಷ ಟ್ರಾನ್ಸ್‌ಫಾರ್ಮರ್ ಸುತ್ತಿದವನು. ಆ ಮರದ ಪೆಟ್ಟಿಗೆಯೂ ಹೆಚ್ಚು ಕಡಿಮೆ ಅದೇ ಸಂಸಾರ. ನಡುವೆ ಮೆದು ಕಬ್ಬಿಣದ ತಂತಿಗಳ ಕಟ್ಟು. ಅದರ ಮೇಲೆ ದಪ್ಪ ತಂತಿ ಕೆಲವು ನೂರು ಸುತ್ತು, ಅದರಾಚೆ ಕೂದಲಿನಂಥ ತಂತಿ ಸಾವಿರಾರು ಸುತ್ತು. ಪಕ್ಕದಲ್ಲಿ ಕಾಗದ ಮತ್ತು ಲೋಹದ ಹಾಳೆ ಸುತ್ತಿದ ಕಂಡೆನ್ಸರ್. ಸಂದಿಗೆಲ್ಲ ಡಾಂಬರು ಸುರಿದಿರುತ್ತಾರೆ. ಮೇಲ್ಗಡೆ ಒಂದು ಸ್ಪ್ರಿಂಗ್ ಪಟ್ಟಿ, ಅದರಲ್ಲಿ ಪಾಯಿಂಟ್, ಅಂದರೆ ತಾಗಿದರೆ ಕರೆಂಟ್ ಬಿಡುವ, ಬಿಟ್ಟರೆ ಕಡಿಯುವ ಲೋಹದ ತುದಿ.

ಹಳೇ ಕಾಲದ ಕರೆಗಂಟೆ ಬಿಚ್ಚಿ ನೋಡಿದ್ದೀರಾ? ಅದೇ ಆಟ. ಕರೆಂಟ್ ಬಂದರೆ ಕಬ್ಬಿಣ ಅಯಸ್ಕಾಂತ ಆಗುತ್ತದೆ, ಪಟ್ಟಿಯನ್ನು ಎಳೆಯುತ್ತದೆ, ಪಾಯಿಂಟ್ ಬಿಡುತ್ತದೆ, ಕರೆಂಟ್ ಕಟ್. ಪಟ್ಟಿ ವಾಪಸ್ ಬರುತ್ತದೆ, ಮತ್ತೆ ಶುರು. ಸೆಕೆಂಡಿಗೆ ನೂರಾರು ಸಲ. ಆ ಗುಂಯ್ ಸದ್ದು ಅದೇ. ಕಿಡಿ ಹುಟ್ಟೋದು ಕರೆಂಟ್ ಹರಿಯುವಾಗ ಅಲ್ಲ, ತಟ್ಟನೆ ನಿಂತಾಗ. ಆ ಕ್ಷಣದಲ್ಲಿ ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಕರೆಂಟ್ ತಟ್ಟನೆ ನಿಲ್ಲೋದಿಲ್ಲ, ಪಾಯಿಂಟಲ್ಲೇ ಉರಿದು ಹೋಗುತ್ತದೆ. ಹಳೇ ಬುಲೆಟ್ ಇಟ್ಟುಕೊಂಡವರಿಗೆ ಪಾಯಿಂಟ್, ಕಂಡೆನ್ಸರ್ ಕಷ್ಟ ಹೇಳಿಕೊಡಬೇಕಾಗಿಲ್ಲ ಬಿಡಿ.

ಇದೇನು ಫೋರ್ಡ್ ಕಂಡುಹಿಡಿದಿದ್ದಲ್ಲ. ಪ್ಯಾರಿಸ್‌ನಲ್ಲಿ ಲೆನ್ವಾರ್ 1860ರಲ್ಲಿ ಮಾಡಿದ ಗ್ಯಾಸ್ ಎಂಜಿನ್‌ಗೇ ಇಂಥ ಕಾಯಿಲ್ ಇತ್ತು. ಬೆಂಜ್ ತನ್ನ ಮೂರು ಗಾಲಿ ಗಾಡಿಗೂ ಇದನ್ನೇ ಹಾಕಿದ. ಡೈಮ್ಲರ್‌ಗೆ ಕಾಯಿಲ್ ಸಹವಾಸವೇ ಬೇಡವಾಗಿ, ಒಂದು ಕೊಳವೆಯನ್ನು ಹೊರಗಿಂದ ಬರ್ನರ್ ಇಟ್ಟು ಕೆಂಪಗೆ ಕಾಯಿಸಿಯೇ ಪೆಟ್ರೋಲ್ ಹೊತ್ತಿಸಿದ. ಪಕ್ಕದಲ್ಲಿ ಪೆಟ್ರೋಲ್, ಇಲ್ಲಿ ಬೆಂಕಿ. ಧೈರ್ಯ ನೋಡಿ. 1902ರಲ್ಲಿ ಬಾಷ್ ಕಂಪನಿಯ ಹೊನಾಲ್ಡ್ ಹೈ ಟೆನ್ಶನ್ ಮ್ಯಾಗ್ನೆಟೊ ತಂದ, ಅಂದರೆ ಬ್ಯಾಟರಿ ಇಲ್ಲದೆ ಅಯಸ್ಕಾಂತದಿಂದಲೇ ಕಿಡಿಯ ಕರೆಂಟ್ ಹುಟ್ಟಿಸುವ ಯಂತ್ರ. ಆಮೇಲೆ ಕೆಟರಿಂಗ್ 1910ರ ಕ್ಯಾಡಿಲಾಕ್‌ಗೆ ಒಂದು ಕಾಯಿಲ್, ಒಂದು ಪಾಯಿಂಟ್, ಒಂದು ಡಿಸ್ಟ್ರಿಬ್ಯೂಟರ್ ಅನ್ನೋ ಪದ್ಧತಿ ಕೊಟ್ಟ. ನಮ್ಮ ಅಂಬಾಸಿಡರ್, ಪದ್ಮಿನಿ ಎಲ್ಲ ಅವನ ಮಕ್ಕಳೇ. ಫೋರ್ಡ್ ಮಾತ್ರ ಮಾಡೆಲ್ ಟಿ ನಿಲ್ಲಿಸೋವರೆಗೂ, ಅಂದರೆ 1927ರ ತನಕ, ನಾಲ್ಕು ಪೆಟ್ಟಿಗೆ ಬಿಡಲಿಲ್ಲ.

ಹಠ ಅಂತಲ್ಲ. ಸಾವಿರಾರು ವೋಲ್ಟನ್ನು ಆಗಿನ ಕಾಲದ ರಬ್ಬರ್, ಎಬೊನೈಟ್ ನಂಬಿ ಹಂಚೋದು ತಲೆನೋವು. ನಾಲ್ಕು ಕಾಯಿಲ್ ಇದ್ದರೆ ಮುಂದಿರುವ ಟೈಮರ್ ಹಂಚಬೇಕಾಗಿದ್ದು ಬರೀ ಬ್ಯಾಟರಿಯ 6 ವೋಲ್ಟ್, ಇಲ್ಲಾ ಫ್ಲೈವೀಲ್ ಮೇಲಿನ 16 ಅಯಸ್ಕಾಂತ ಕೊಡುವ ಸಣ್ಣ ಕರೆಂಟ್. ಕೆಸರು ಮೆತ್ತಿದರೂ ನಡೆಯುತ್ತದೆ. ಈಗಿನ ಕಾರುಗಳನ್ನ ನೋಡಿ, ಒಂದೊಂದು ಪ್ಲಗ್ ತಲೆ ಮೇಲೆ ಒಂದೊಂದು ಕಾಯಿಲ್. ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದೆವು ಅಲ್ವಾ.

ಗಾಂಧಿಬಜಾರ್ ಅವರೇ, ಕಾಯಿಲ್ ಹೋಗಿದೆಯಾ ನೋಡೋದು ಸುಲಭ. ಆ ಪೆಟ್ಟಿಗೆಗಳಿಗೆ ವೈರ್ ಬೆಸೆದಿರೋದಿಲ್ಲ, ಹಿತ್ತಾಳೆ ಗುಂಡಿ ತಾಗಿ ಕೂತಿರುತ್ತವೆ ಅಷ್ಟೇ. 1ರದ್ದು ತೆಗೆದು 2ರ ಜಾಗಕ್ಕೆ ಹಾಕಿ, 2ರದ್ದು 1ಕ್ಕೆ. ಕಾಯಿಲ್ ಜೊತೆಗೆ ಕಾಯಿಲೆಯೂ ಜಾಗ ಬದಲಿಸಿದರೆ ಕಾಯಿಲ್ ಕೆಟ್ಟಿದೆ. ಇನ್ನೊಂದು ಪರೀಕ್ಷೆ: ಎಂಜಿನ್ ಓಡುವಾಗ ಮುಚ್ಚಳ ತೆಗೆದು, ಒಣಗಿದ ಐಸ್‌ಕ್ಯಾಂಡಿ ಕಡ್ಡಿಯಿಂದ ಎರಡೆರಡು ಪಟ್ಟಿ ಒತ್ತಿ ಹಿಡಿಯಿರಿ. ಒತ್ತಿದ ಕಾಯಿಲ್ ಸುಮ್ಮನಾಗುತ್ತದೆ, ಉಳಿದೆರಡು ಸಿಲಿಂಡರ್ ದುಡಿಯುತ್ತಿವೆಯಾ ಅಂತ ಕಿವಿಗೇ ಗೊತ್ತಾಗುತ್ತದೆ.

ಗಾಂಧಿಬಜಾರ್_ಹುಡುಗ

ತಾತ, ತುಂಬಾ ಥ್ಯಾಂಕ್ಸ್. ಸಂಜೆಯೇ ಮಾಡಿದೆ. ಕಾಯಿಲ್ ಅದಲು ಬದಲು ಮಾಡಿದರೂ 1, 4 ಬಿಸಿ, 2, 3 ತಣ್ಣಗೆ. ಕಡ್ಡಿಯಿಂದ 2, 3 ಒತ್ತಿದರೆ ಎಂಜಿನ್‌ಗೆ ಗೊತ್ತೇ ಆಗಲಿಲ್ಲ, ಇನ್ನೂ ನೆಮ್ಮದಿಯಾಗಿ ಓಡಿತು, ಸೀನೋದೂ ನಿಂತಿತು! 1, 4 ಒತ್ತಿದೆ, ತಕ್ಷಣ ಆಫ್. ಅಂದರೆ ಕಾಯಿಲ್ ಸರಿ ಇದೆ. ಹಾಗಾದರೆ ಕಿಡಿ ಬಂದೂ ಯಾಕೆ ಹೊತ್ತಿಕೊಳ್ಳುತ್ತಿಲ್ಲ?

ಕಲಾಸಿಪಾಳ್ಯ_ಸ್ಪ್ಯಾನರ್

ಎರಡು ಪ್ರಶ್ನೆ. ಎರಡೇ ಸಿಲಿಂಡರಲ್ಲಿ ಓಡುವಾಗ ತಾಳ ಸಮ ಇದೆಯಾ, ಕುಂಟುತ್ತದಾ? ಆಮೇಲೆ, ವೈರ್ ಎಳೆದ ಮೇಸ್ತ್ರಿ ಅಂಬಾಸಿಡರ್ ಕೆಲಸದವರಾ?

ಗಾಂಧಿಬಜಾರ್_ಹುಡುಗ

ತಾಳ ಸಮ ಇದೆ ಅಣ್ಣ. ಟಕ್, ಟಕ್, ಟಕ್, ನಿಧಾನ ಆದರೆ ಸಮ. ಮೇಸ್ತ್ರಿ ಜೀವಮಾನವೆಲ್ಲ ಅಂಬಾಸಿಡರೇ ಮಾಡಿದವರು. ನಿಮಗೆ ಹೆಂಗೆ ಗೊತ್ತಾಯ್ತು??

ಕಲಾಸಿಪಾಳ್ಯ_ಸ್ಪ್ಯಾನರ್

ಕೈ ಅಭ್ಯಾಸ ತಮ್ಮಾ. ಅಂಬಾಸಿಡರ್ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸರದಿ, 1-3-4-2. ಕಣ್ಣು ಮುಚ್ಚಿ ಎಬ್ಬಿಸಿದರೂ ಕೈ ಹಂಗೇ ಹೋಗುತ್ತದೆ, ನಂಗೂ ಅಷ್ಟೇ. ಮಾಡೆಲ್ ಟಿದು 1-2-4-3. ಎರಡನ್ನೂ ಪಕ್ಕಪಕ್ಕ ಬರೆದು ನೋಡು. 1 ಮತ್ತು 4 ಎರಡರಲ್ಲೂ ಒಂದೇ ಜಾಗದಲ್ಲಿವೆ. ಬದಲಾಗಿರೋದು 2 ಮತ್ತು 3 ಮಾತ್ರ. ನಿನ್ನ ಗಾಡಿಯಲ್ಲಿ ಸತ್ತಿರೋದೂ ಅವೇ.

ಅಂದರೆ 2 ಮತ್ತು 3ಕ್ಕೆ ಕಿಡಿ ಬರ್ತಾ ಇದೆ, ಆದರೆ ಸರಿಯಾಗಿ ಒಂದು ಸುತ್ತು ತಪ್ಪಿ ಬರ್ತಾ ಇದೆ. ಪಿಸ್ಟನ್ ಗಾಳಿ ಪೆಟ್ರೋಲ್ ಒತ್ತಿಕೊಂಡು ಮೇಲೆ ಬಂದಾಗ ಕಿಡಿ ಇಲ್ಲ. ಹೊಗೆ ಆಚೆ ತಳ್ಳಿ ಮೇಲೆ ಬಂದಾಗ ಕಿಡಿ ಹಾರುತ್ತದೆ, ಆಗ ಒತ್ತಡವೂ ಇಲ್ಲ, ಇನ್‌ಲೆಟ್ ವಾಲ್ವ್ ಬೇರೆ ಬಾಯಿ ಬಿಡೋ ಹೊತ್ತು. ಅದಕ್ಕೇ ಕಾರ್ಬ್ಯುರೇಟರ್ ಸೀನೋದು. ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಅಲ್ಲಿ ಪಟಾಕಿ. ಹೆಡ್ ಮೇಲೆ ಪ್ಲಗ್ ಇಟ್ಟು ನೋಡಿದರೆ ಕಿಡಿ ಇದೆ ಅಂತ ಗೊತ್ತಾಗುತ್ತದೆ, ಯಾವಾಗ ಬಂತು ಅಂತ ಹೆಂಗೆ ಗೊತ್ತಾಗಬೇಕು?

ತಾಳ ಕೇಳಿದ್ದೂ ಅದಕ್ಕೇ. 1 ಮತ್ತು 4 ಒಂದು ಬಿಟ್ಟು ಒಂದು ಹೊಡೆಯುತ್ತವೆ, ಅವೆರಡೇ ಬದುಕಿದ್ದರೂ ತಾಳ ಕೆಡೋದಿಲ್ಲ. 1 ಮತ್ತು 2 ಮಾತ್ರ ಬದುಕಿದ್ದರೆ ಕುಂಟುತ್ತಿತ್ತು.

ನಂಬಿಕೆ ಬರದಿದ್ದರೆ ಹೀಗೆ ಮಾಡು. ಪೆಟ್ರೋಲ್ ಕೊಳಾಯಿ ಮುಚ್ಚು. ನಾಲ್ಕೂ ಪ್ಲಗ್ ಬಿಚ್ಚಿ ವೈರ್ ಸಮೇತ, ತೂತಿನಿಂದ ದೂರ, ಹೆಡ್ ಮೇಲೆ ಮಲಗಿಸು. ಪ್ಲಗ್ ಮೈ ಹೆಡ್‌ಗೆ ತಾಗಿರಲಿ, ಅರ್ತ್ ಇಲ್ಲದೆ ಕಾಯಿಲ್ ಓಡಿಸಿದರೆ ಒಳಗಿನ ಇನ್ಸುಲೇಶನ್ ಸುಡುತ್ತದೆ. ಸ್ಪಾರ್ಕ್ ಕಡ್ಡಿ (ಸ್ಟೀರಿಂಗ್ ಹತ್ತಿರ ಇರುವ, ಕಿಡಿ ಬೇಗ ಅಥವಾ ತಡ ಮಾಡುವ ಲಿವರ್) ಪೂರ್ತಿ ಮೇಲಿರಲಿ, ಆಗ ಕಿಡಿ ತಡವಾಗಿ ಬರುತ್ತದೆ. ಸ್ವಿಚ್ ಬ್ಯಾಟರಿಗೆ ಹಾಕಿ, 2ರ ತೂತಿಗೆ ಹೆಬ್ಬೆರಳು ಇಡು, ಮಾವನಿಗೆ ಹ್ಯಾಂಡಲ್ ನಿಧಾನ ತಿರುಗಿಸೋಕೆ ಹೇಳು. ಬೆರಳನ್ನು ಗಾಳಿ ತಳ್ಳಿದ ಮೇಲೆ ಯಾವ ಕಾಯಿಲ್ ಗುಂಯ್ ಅನ್ನುತ್ತದೆ ನೋಡು. 2 ಅನ್ನಬೇಕು. ನಿಂದು 3 ಅನ್ನುತ್ತದೆ, ಬೆಟ್.

ತಾತ್ಕಾಲಿಕಕ್ಕೆ 2, 3ರ ಪ್ಲಗ್ ವೈರ್ ಅದಲು ಬದಲು ಮಾಡಿದರೂ ಓಡುತ್ತದೆ. ಯಾವ ಕಾಯಿಲ್ ಯಾವ ಸಿಲಿಂಡರ್‌ಗೆ ಅನ್ನೋದು ಮುಖ್ಯ ಅಲ್ಲ, ಟೈಮರ್ ತುದಿ ಮತ್ತು ಪ್ಲಗ್ ತುದಿ ಜೋಡಿ ಆದರೆ ಸಾಕು. ಆದರೆ ಹಂಗೇ ಬಿಡಬೇಡ, ನಾಳೆ ಇನ್ನೊಬ್ಬ ಬಂದು ತಲೆ ಕೆಡಿಸಿಕೊಳ್ಳುತ್ತಾನೆ. ಟೈಮರ್ ಹತ್ತಿರವೇ ಸರಿ ಮಾಡು. ಮತ್ತೆ ಬ್ಯಾಟರಿ ವೈರ್ ಅಪ್ಪಿತಪ್ಪಿಯೂ ಮ್ಯಾಗ್ನೆಟೊ (ಫ್ಲೈವೀಲ್ ಅಯಸ್ಕಾಂತಗಳಿಂದ ಕರೆಂಟ್ ಕೊಡುವ ಭಾಗ) ಟರ್ಮಿನಲ್‌ಗೆ ತಾಗಿಸಬೇಡ, ಫ್ಲೈವೀಲ್ ಅಯಸ್ಕಾಂತದ ಶಕ್ತಿ ಇಳಿದು ಹೋಗುತ್ತದೆ.

ಪ್ಲಗ್ ಹಾಕಿ ಸ್ಟಾರ್ಟ್ ಮಾಡುವಾಗಲೂ ಸ್ಪಾರ್ಕ್ ಕಡ್ಡಿ ಮೇಲೇ ಇರಬೇಕು. ಎಡಗೈಯಲ್ಲಿ ಕೆಳಗಿಂದ ಮೇಲಕ್ಕೆ ಎಳಿ, ಹೆಬ್ಬೆರಳು ಹ್ಯಾಂಡಲ್ ಸುತ್ತಬೇಡ. ಕಿಡಿ ಮೊದಲೇ ಬಂದರೆ ಹ್ಯಾಂಡಲ್ ವಾಪಸ್ ಒದೆಯುತ್ತದೆ, ಮಣಿಕಟ್ಟು ಹೋಗುತ್ತದೆ. ತಮಾಷೆ ಅಲ್ಲ.

ರಿಂಗ್‌ರೋಡ್_ರೈಡರ್

ಗಾಡಿ ಮುಟ್ಟದೆ ಹೇಳಿಬಿಟ್ಟರಲ್ಲ ಅಣ್ಣ. ಮಾರುತಿ ಕಾಯಿಲ್ ಸಲಹೆ ವಾಪಸ್ ತಗೊಂಡೆ.

ಗಾಂಧಿಬಜಾರ್_ಹುಡುಗ

ಬೆರಳು ಇಟ್ಟೆ. 2ರಲ್ಲಿ ಗಾಳಿ ತಳ್ಳಿತು, 3 ಗುಂಯ್ ಅಂದಿತು. ಮಾವ ಹ್ಯಾಂಡಲ್ ಬಿಟ್ಟು ಎದ್ದು ನಿಂತು ನಕ್ಕರು. ಟೈಮರಲ್ಲಿ ಎರಡು ವೈರ್ ಬದಲಿಸಿದ್ದು ಹತ್ತು ನಿಮಿಷ, ಅದರ ನಟ್ ಹುಡುಕಿದ್ದು ಅರ್ಧ ಗಂಟೆ. ನಾಲ್ಕೂ ಸಿಲಿಂಡರ್ ಎದ್ದಿವೆ. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ, "ಅಯ್ಯೋ ಹೌದಾ" ಅಂದರು ಪಾಪ.

ಆದರೆ ಹಳೇ ಕಾಯಿಲೆ ಉಳಿದಿದೆ. ಇವತ್ತು ಬೆಳಗ್ಗೆ ಮಳೆ, 3 ಮತ್ತೆ ಮಿಸ್ಸಿಂಗ್. ಈ ಸಲ ಬುದ್ಧಿ ಬಂದಿತ್ತು, ಮೊದಲೇ 3ರ ಕಾಯಿಲನ್ನು 1ಕ್ಕೆ ಹಾಕಿ ನೋಡಿದೆ. ಮಿಸ್ಸಿಂಗ್ 3ರಲ್ಲೇ ಉಳಿಯಿತು. ಕಾಯಿಲ್ ಅಲ್ಲ, ವೈರ್ ಹೊಸದು, ಪ್ಲಗ್ ಕೂಡ ಬದಲಿಸಿದೆ.

ವೈಂಡಿಂಗ್_ತಾತ

ಹಾಗಾದರೆ ನಾಲ್ಕೂ ಕಾಯಿಲ್ ಕೂರುವ ಡಬ್ಬ. ಹೊರಗೆ ತಗಡು ಇದ್ದರೂ ಒಳಗಡೆ ಮರದ ಹಲಗೆ ಇರುತ್ತದೆ, ಗುಂಡಿ ತಾಗುವ ಹಿತ್ತಾಳೆ ಪಟ್ಟಿಗಳು ಅದರ ಮೇಲೇ ಕೂತಿರುತ್ತವೆ. ನೂರು ವರ್ಷದ ಮರ, ನಮ್ಮೂರ ಜುಲೈ ತೇವ ಕುಡಿದರೆ ಪ್ಲಗ್‌ಗೆ ಹೋಗಬೇಕಾದ ಕರೆಂಟ್ ಮರದ ಮೇಲೇ ಹರಿದು ಹೋಗುತ್ತದೆ. ಕತ್ತಲೆ ಮಾಡಿ ನೋಡಿ, ನೀಲಿ ಎಳೆ ಓಡಾಡುವುದು ಕಂಡರೂ ಕಾಣಬಹುದು. 3ರ ಹಿಂದೆ ಪೆನ್ಸಿಲ್ ಗೀಟಿನ ಥರ ಕಪ್ಪು ಗೆರೆ ಇದೆಯಾ ಹುಡುಕಿ. ಅದು ಸುಟ್ಟು ಇದ್ದಿಲಾದ ದಾರಿ. ಒಮ್ಮೆ ಬಿದ್ದರೆ ಒಣಗಿಸಿದರೂ ಹೋಗೋದಿಲ್ಲ.

ಆ ಹಲಗೆ ತೆಗೆದು, ಅದೇ ಅಳತೆಗೆ ಹೈಲಂ ಶೀಟ್ (ಕರೆಂಟ್ ಹರಿಯದ ಗಟ್ಟಿ ಹಲಗೆ) ಕತ್ತರಿಸಿ ಹಾಕಿ. ಎಸ್‌ಜೆಪಿ ರೋಡಲ್ಲಿ ಸಿಗುತ್ತದೆ. ಹಳೇ ಹಲಗೆ ಎಸೀಬೇಡಿ, ತೂತು ಗುರುತು ಹಾಕೋಕೆ ಬೇಕು. ಕಾಯಿಲ್ ಪೆಟ್ಟಿಗೆಗಳನ್ನ ಬೇಗ ಒಣಗಲಿ ಅಂತ ಓವನ್ ಒಳಗೆ ಮಾತ್ರ ಇಡಬೇಡಿ, ಡಾಂಬರು ಕರಗಿ ಇಳಿಯುತ್ತದೆ. ಬಿಸಿಲು ಸಾಕು.

ಮುಂದೆ ಯಾವಾಗಲಾದರೂ ಕಂಡೆನ್ಸರ್ ಬದಲಿಸುವ ಮನಸ್ಸಾದರೆ 0.47 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ತಗೊಳ್ಳಿ, ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಡಾಂಬರು ಕೆರೆದು ಹಳೇದನ್ನು ತೆಗೆಯೋದೇ ದೊಡ್ಡ ಕೆಲಸ. ಆಮೇಲೆ ನಾಲ್ಕೂ ಕಾಯಿಲನ್ನು ಮೀಟರ್ ಇಟ್ಟು 1.3 ಆಂಪಿಯರ್ ಆಸುಪಾಸಿಗೆ ಹೊಂದಿಸಬೇಕು. ಒಂದು ಬೇಗ, ಒಂದು ತಡವಾಗಿ ಕಿಡಿ ಕೊಟ್ಟರೆ ನಾಲ್ಕು ಸಿಲಿಂಡರ್‌ಗೆ ನಾಲ್ಕು ಟೈಮಿಂಗ್ ಆಗುತ್ತದೆ.

ಗಾಂಧಿಬಜಾರ್_ಹುಡುಗ

ಕಪ್ಪು ಗೆರೆ ಸಿಕ್ಕಿತು ತಾತ! 3ರ ಹಿಂದೆ, ಅಡಿಕೆ ಅಗಲದ ಗುರುತು, ಅದರಿಂದ ಬೇರಿನ ಥರ ಕವಲು. ಶನಿವಾರ ಎಸ್‌ಜೆಪಿ ರೋಡ್‌ಗೆ ಹೋಗ್ತೀನಿ. ಹೈಲಂ ಎಷ್ಟು ಎಂಎಂ ತರಲಿ?

ವೈಂಡಿಂಗ್_ತಾತ

ಹಲಗೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಪಕ್ಕ ಇಟ್ಟು ನೋಡಿ ತನ್ನಿ. ಕಾಯಿಲ್ ಒಂದು ಕೂಡ ಜೊತೆಗಿರಲಿ. ಆಟೋದಲ್ಲಿ ಬಿಟ್ಟು ಬರಬೇಡಿ.