ಕ್ವಾಯರ್ ಕಟ್ಟಿಕೊಂಡು ವಿದೇಶಕ್ಕೆ ಹೋದವರೇ, ನಿಮ್ಮ ಎಡವಟ್ಟುಗಳನ್ನು ಹೇಳಿ

ಪ್ರಶ್ನೆ, ಮಂಗಳೂರಿನಿಂದ:

ಎಲ್ಲರಿಗೂ ವಂದನೆಗಳು. ನಮ್ಮ ಚರ್ಚ್ ಸಭೆಯ ಯೌವನಸ್ಥರ ಕ್ವಾಯರ್ (ಹಾಡುವ ತಂಡ) ಬರುವ ಜೂನ್‌ನಲ್ಲಿ ಮೂರು ವಾರ ಜರ್ಮನಿ, ಸ್ವಿಟ್ಜರ್ಲೆಂಡ್‌ಗೆ ಹೊರಟಿದೆ. ಒಟ್ಟು 14 ಜನ. ಕನ್ನಡ, ತುಳು ಹಾಡುಗಳು, ಒಂದು ನೃತ್ಯ, ಶಿಲುಬೆಯ ದಾರಿಯ ಮೇಲೆ ಅರ್ಧ ಗಂಟೆಯ ನಾಟಕ. ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ನಮ್ಮೂರಿಗೆ ಬಂದ ನಂಟು ಇನ್ನೂ ಇದೆಯಲ್ಲ, ಆ ಕಡೆಯ ಸಭೆಗಳೇ ಕರೆದಿವೆ. ಊಟ, ವಸತಿ ಅವರವರ ಮನೆಗಳಲ್ಲಿ. ಮ್ಯಾನೇಜರ್ ಕೆಲಸ ನನ್ನ ತಲೆಗೆ ಬಿದ್ದಿದೆ. ನಾನೋ ಮುಂಬೈ ದಾಟಿದವನಲ್ಲ. ಏಜೆಂಟ್ ಹೇಳುವುದೆಲ್ಲ ಕೇಳಿಯಾಯಿತು, ಏಜೆಂಟ್ ಹೇಳದೇ ಇರುವುದು ಬೇಕು. ಏನೇನು ಕೆಡುತ್ತದೆ?

ಧಾರವಾಡದಿಂದ:

ಬ್ರದರ್, ಸ್ಟೇಜ್ ಮೇಲೆ ಏನೂ ಕೆಡುವುದಿಲ್ಲ, ಆ ಚಿಂತೆ ಬಿಡಿ. ಕೆಟ್ಟರೂ ಕನ್ನಡ ಬಾರದವರಿಗೆ ಯಾವ ಸಾಲು ತಪ್ಪಿತು ಅಂತ ಹೇಗೆ ಗೊತ್ತಾಗಬೇಕು? ಕೆಡುವುದೆಲ್ಲ ಬಚ್ಚಲಲ್ಲಿ, ರೈಲಿನಲ್ಲಿ, ಸೂಟ್‌ಕೇಸಿನಲ್ಲಿ.

ನಾವು ಕೋವಿಡ್‌ಗೆ ಎರಡು ವರ್ಷ ಮುಂಚೆ ಹೋಗಿದ್ದೆವು, 11 ಜನ. ಮೊದಲ ಪೆಟ್ಟು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ಬಿತ್ತು. ಧಾರವಾಡದವರು ಬರಿಗೈಲಿ ಯಾರ ಮನೆಗಾದರೂ ಹೋಗುತ್ತಾರಾ? ನಾಲ್ಕು ಕೆಜಿ ಪೇಡ ಕಟ್ಟಿಕೊಂಡಿದ್ದೆವು. ಯೂರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ, ಅದು ನಮಗೆ ಗೊತ್ತಿರಲಿಲ್ಲ. ಅಧಿಕಾರಿ ಒಂದೊಂದೇ ಡಬ್ಬಿ ತೆಗೆದು ಕಸದ ಬುಟ್ಟಿಗೆ ಹಾಕುತ್ತಿದ್ದರೆ ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಯಾರನ್ನೋ ಮಣ್ಣು ಮಾಡುವಾಗ ನಿಲ್ಲುವ ಹಾಗೆ ಕೈಕಟ್ಟಿ ನಿಂತಿದ್ದರು. ತುಪ್ಪಕ್ಕೂ ಅದೇ ಗತಿ. ಕೊಡಲೇಬೇಕು ಅಂದರೆ ಖಣದ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿಸಿಕೊಂಡು ಹೋಗಿ.

ಬಚ್ಚಲಿನ ಕತೆ ಚಿಕ್ಕದು. ಅಲ್ಲಿನ ಬಚ್ಚಲ ನೆಲಕ್ಕೆ ಎಷ್ಟೋ ಮನೆಗಳಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ನಮ್ಮ ಹುಡುಗನೊಬ್ಬ ಟಬ್ಬಿನ ಹೊರಗೆ ನಿಂತು, ಚೆಂಬು ಸಿಗದೆ ಹೂವಿನ ಕುಂಡ ತೊಳೆದು ಅದರಲ್ಲೇ ಮೊಗೆದು ಸುರಿದುಕೊಂಡ. ಹತ್ತು ನಿಮಿಷದಲ್ಲಿ ಕೆಳಗಿನ ಮನೆಯ ಅಜ್ಜಿ ಬಂದು ಬೆಲ್ ಒತ್ತಿದರು. ಅವರ ಅಡುಗೆಮನೆಯ ದೀಪದಿಂದ ನೀರು ಸೋರುತ್ತಿತ್ತು. ಹುಡುಗರಿಗೆ ಇದನ್ನು ಊರಲ್ಲೇ ಹೇಳಿ, ನಾಚಿಕೆ ಪಡಬೇಡಿ.

ಇನ್ನು ರೈಲು. ಅಲ್ಲಿ ಕೆಲವು ರೈಲುಗಳು ದಾರಿ ಮಧ್ಯೆ ಎರಡಾಗುತ್ತವೆ. ಮುಂದಿನ ಡಬ್ಬಿಗಳು ಒಂದು ಊರಿಗೆ, ಹಿಂದಿನವು ಇನ್ನೊಂದು ಊರಿಗೆ. ನಾವು ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ ಹತ್ತಿದ್ದು ಅಂಥದ್ದು, ಸ್ಪೀಟ್ಸ್ ಎಂಬಲ್ಲಿ ಬೇರೆಯಾಗುವ ರೈಲು. ಹೋಗಬೇಕಿದ್ದದ್ದು ಫ್ರುಟಿಗೆನ್‌ಗೆ. ಸಾಮಾನು ಜಾಸ್ತಿ ಇತ್ತು, ಗಡಿಬಿಡಿಯಲ್ಲಿ ಏಳು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ ಹತ್ತಿದೆವು. ಒಂದೇ ರೈಲು ತಾನೇ, ಇಳಿಯುವಾಗ ಸಿಕ್ಕರಾಯಿತು ಅಂದುಕೊಂಡೆವು. ಜರ್ಮನ್‌ನಲ್ಲಿ ಏನೋ ಕೂಗಿದರು. ನಾವು ಕಿಟಕಿಯಲ್ಲಿ ಕೆರೆ ನೋಡುತ್ತಾ ಕೂತಿದ್ದೆವು.

ನಾಲ್ಕು ಜನ ಸರಿಯಾದ ಊರಿಗೆ ಬಂದೆವು. ಏಳು ಜನ ಇನ್ನೊಂದು ಕಣಿವೆಗೆ ಹೋದರು. ಹಾರ್ಮೋನಿಯಂ, ತಬಲಾ, ಸೀರೆ ಎಲ್ಲ ಅವರ ಹತ್ತಿರ. ಗುಂಪಿನ ಟಿಕೆಟ್ ಮಾತ್ರ ನಮ್ಮ ಹತ್ತಿರ. 11 ಜನರ ಪಾಸ್‌ಪೋರ್ಟೂ ನಮ್ಮ ಹತ್ತಿರವೇ, ಅಯ್ಯನವರ ಒಂದೇ ಚೀಲದಲ್ಲಿ, ಕಳೆಯಬಾರದು ಅಂತ ಅವರೇ ಎತ್ತಿಟ್ಟುಕೊಂಡಿದ್ದರು. ಆ ಕಡೆ ಟಿಕೆಟ್ ಕೇಳಿದಾಗ ಏಳು ಜನರ ಕೈಲಿ ಏನೂ ಇಲ್ಲ, ಫೋನಿಗೆ ಡೇಟಾ ಇಲ್ಲ. ಕಾರ್ಯಕ್ರಮದ ಕರಪತ್ರ ಒಂದಿತ್ತು. ಅದರಲ್ಲಿ ತಮ್ಮದೇ ಫೋಟೋ ಬೆರಳಿಟ್ಟು ತೋರಿಸಿದರಂತೆ. ಟಿಕೆಟ್ ನೋಡುವ ಹೆಂಗಸು ಒಳ್ಳೆಯವರು, ಚರ್ಚಿಗೆ ಫೋನ್ ಹಚ್ಚಿ, ಮುಂದಿನ ಸ್ಟೇಷನ್‌ನಲ್ಲಿ ಇಳಿಸಿ, ವಾಪಸ್ ರೈಲು ಹತ್ತಿಸಿದರು.

ಇತ್ತ ಏಳು ಗಂಟೆ ಅಂದರೆ ಏಳೇ ಗಂಟೆ. ಚರ್ಚಿನ ಬೆಂಚುಗಳು ತುಂಬಿದ್ದವು. ಇದ್ದದ್ದು ಅಯ್ಯನವರು, ಬಾಸ್, ಅಂದರೆ ಗಂಡಸರ ಕೆಳಗಿನ ಸ್ವರ, ಹಾಡುವ ನಾವಿಬ್ಬರು, ಮತ್ತೆ ತಬಲಾ ಇಲ್ಲದ ತಬಲಾದವನು. ಅವನು ಬೆಂಚಿನ ಬೆನ್ನಿಗೆ ಬಾರಿಸಿದ. ನಾವು ಒಂದೇ ಕೀರ್ತನೆಯನ್ನು, ಅದೂ ಬರೀ ಕೆಳಗಿನ ಸ್ವರವನ್ನು, ಇಪ್ಪತ್ತು ನಿಮಿಷ ಹಾಡಿದೆವು. ಇದು ಭಾರತದ ಸನ್ಯಾಸಿಗಳ ಪದ್ಧತಿಯೇ ಅಂತ ಆಮೇಲೆ ಒಬ್ಬರು ಕೇಳಿದರು. ಅಯ್ಯನವರು ಸುಮ್ನೆ ನಕ್ಕರು.

ಅವತ್ತಿನಿಂದ ಪಾಸ್‌ಪೋರ್ಟ್ ಅವರವರ ಕೊರಳಿಗೆ. ಟಿಕೆಟ್‌ನ ಫೋಟೋ ಎಲ್ಲರ ಫೋನಿನಲ್ಲಿ. ಇಳಿದುಕೊಳ್ಳುವ ಮನೆಯ ವಿಳಾಸ, ನಂಬರ್ ಚೀಟಿಯಲ್ಲಿ ಬರೆದು ಜೇಬಿನಲ್ಲಿ. ತಲೆ ಎಣಿಸಬೇಡಿ, ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟು ಕೂಗಿಸಿ.

ಉಡುಪಿಯಿಂದ:

ಸನ್ಯಾಸಿಗಳ ಪದ್ಧತಿ ಓದಿ ಬಿದ್ದು ಬಿದ್ದು ನಕ್ಕೆ. ನಾನು ಆಲ್ಟೊ, ಹೆಂಗಸರ ಕೆಳಗಿನ ಸ್ವರ ಹಾಡುವವಳು. ಎರಡು ಸಲ ಹೋಗಿ ಬಂದಿದ್ದೇನೆ.

ಜರ್ಮನಿಯಲ್ಲಿ ನೀರು ಕೇಳಿದರೆ ಸೋಡಾ ಥರದ ನೀರು ಕೊಡುತ್ತಾರೆ. ಮೇಲಿನ ಸ್ವರ ಹಾಡುವ ನಮ್ಮ ಸೊಪ್ರಾನೊ ಹುಡುಗಿ ಹಾಡಿಗೆ ಮುಂಚೆ ಒಂದು ಗ್ಲಾಸ್ ಗಟಗಟ ಕುಡಿದಳು. ಒಬ್ಬಳೇ ಹಾಡಬೇಕಾದ ಸಾಲು, ಮೊದಲನೇ ಸ್ವರಕ್ಕೆ ಬಾಯಿ ತೆರೆದಳು, ಬಂದದ್ದು ತೇಗು. ಕಲ್ಲಿನ ಹಳೇ ಚರ್ಚು, ಅದು ಮೇಲಿನ ಕಮಾನಿಗೆ ಹೋಗಿ ಸುತ್ತಿ ವಾಪಸ್ ಬಂತು. ಗ್ಯಾಸ್ ಇಲ್ಲದ ನೀರು ಅಂತ ಕೇಳುವುದನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಸಿ.

ಪ್ರತಿಧ್ವನಿ ತಮಾಷೆಯಲ್ಲ. ಅಂಥ ಚರ್ಚುಗಳಲ್ಲಿ ಸ್ವರ ಸಾಯಲು ಮೂರು ನಾಲ್ಕು ಸೆಕೆಂಡು ಬೇಕು. ಚುರುಕಾದ ತಾಳವೆಲ್ಲ ಗೋಲಿ ಚೆಲ್ಲಿದ ಹಾಗೆ ಕಲಸಿಹೋಗುತ್ತದೆ. ನಿಧಾನದ ಹಾಡು ನಾಲ್ಕೈದು ಜಾಸ್ತಿ ಇಟ್ಟುಕೊಳ್ಳಿ. ಆರ್ಗನ್ ಜೊತೆ ಹಾಡುವುದಿದ್ದರೆ ಮೊದಲೇ ಶ್ರುತಿ ನೋಡಿ. ಚಳಿಗೆ ಆರ್ಗನ್ನಿನ ಶ್ರುತಿ ಇಳಿಯುತ್ತದೆ, ಸೆಕೆಗೆ ಏರುತ್ತದೆ. ಹಾರ್ಮೋನಿಯಂ ಅದಕ್ಕೆ ಬಗ್ಗುವುದಿಲ್ಲ, ಅದನ್ನು ಬದಿಗಿಟ್ಟು ಕೀಬೋರ್ಡ್‌ನಲ್ಲಿ ಶ್ರುತಿ ಸರಿ ಮಾಡಿಕೊಳ್ಳಬೇಕು.

ಇನ್ನೊಂದು. ಆರಾಧನೆಯ ಮಧ್ಯೆ ಹಾಡಿದರೆ ಎಷ್ಟೋ ಕಡೆ ಚಪ್ಪಾಳೆ ತಟ್ಟುವುದಿಲ್ಲ. ನಾವು ಮೂರು ಹಾಡು ಹಾಡಿದರೂ ಸದ್ದಿಲ್ಲ. ಇವರಿಗೆ ಹಿಡಿಸಲಿಲ್ಲ ಅಂತ ಉಳಿದ ಎರಡನ್ನು ಬಿಟ್ಟು ಕೂತುಬಿಟ್ಟೆವು. ಮುಗಿದ ಮೇಲೆ ಒಬ್ಬ ಮುದುಕರು ಕಣ್ಣೊರೆಸಿಕೊಂಡು ಬಂದು, ಪಟ್ಟಿಯಲ್ಲಿ ಇನ್ನೂ ಎರಡು ಇತ್ತಲ್ಲ ಅಂದರು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಭಾನುವಾರ ಮಧ್ಯಾಹ್ನ, ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಪ್ರಾಕ್ಟೀಸ್ ಬೇಡ. ಪಕ್ಕದವರು ಬಂದೇ ಬರುತ್ತಾರೆ, ಹಾಡು ಕೇಳಲಿಕ್ಕಂತೂ ಅಲ್ಲ.

ಹುಬ್ಬಳ್ಳಿಯಿಂದ:

ನಾಟಕ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಶತಾಧಿಪತಿಯ, ಅಂದರೆ ರೋಮನ್ ಸೈನ್ಯದ ದಳಪತಿಯ, ಪಾತ್ರದವನು. ರಕ್ತಕ್ಕೆ ನಾವು ಜೋನಿ ಬೆಲ್ಲದಲ್ಲಿ ಬೀಟ್‌ರೂಟ್ ರಸ ಕಲಸಿ ಬಾಟಲಿಗೆ ತುಂಬಿಕೊಂಡು ಹೋಗಿದ್ದೆವು. ಊರಲ್ಲಿ ಎಷ್ಟು ಚೆಂದ ಕಾಣುತ್ತಿತ್ತು! ಎರಡು ದಿನದ ಪ್ರಯಾಣದಲ್ಲಿ ಅದು ಹುಳಿಬಂದು, ಉಬ್ಬಿ, ಸೂಟ್‌ಕೇಸಿನೊಳಗೇ ಒಡೆಯಿತು. ಕಸ್ಟಮ್ಸ್‌ನವರು ಅದನ್ನೇ ತೆಗೆಸಬೇಕೇ. ಮುಚ್ಚಳ ತೆಗೆದರೆ ಮೇಲೆ ಮುಳ್ಳಿನ ಕಿರೀಟ, ಅದರಡಿ ಬೆಳ್ಳಿ ಬಣ್ಣ ಬಳಿದ ಭರ್ಜಿಯ ತುದಿ, ಅದರಡಿ ಕೆಂಪಾಗಿ ಒದ್ದೆಯಾದ ಹೆಂಗಸರ ಬಿಳಿ ಸೀರೆಗಳು. ಆ ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದು ಇನ್ನಿಬ್ಬರನ್ನು ಕರೆದರು. ನಾವು ನಾಟಕ, ನಾಟಕ ಅಂತ ಕೂಗಾಡಿದೆವು. ಕೊನೆಗೆ ನಮ್ಮ ಯೇಸುವಿನ ಪಾತ್ರದವನು ಅಲ್ಲೇ ಕಿರೀಟ ಇಟ್ಟುಕೊಂಡು ತೋರಿಸಿದ ಮೇಲೆ ನಕ್ಕು ಬಿಟ್ಟರು. ಆ ಸೀರೆ ಇವತ್ತಿಗೂ ಗುಲಾಬಿ.

ಬಣ್ಣದ ಪುಡಿ ಒಯ್ಯಿರಿ, ನೀರು ಅಲ್ಲೇ ಸೇರಿಸಿ. ಇಳಿದುಕೊಂಡ ಮನೆಯವರ ಬಿಳಿ ಟವೆಲ್‌ಗೆ ಮುಖ ಒರೆಸಬೇಡಿ. ಭರ್ಜಿ, ಕತ್ತಿ ಮರದ್ದಾದರೂ ಕೈಚೀಲದಲ್ಲಿ ಬೇಡ. ಗೆಜ್ಜೆಯೂ ದೊಡ್ಡ ಲಗೇಜಿಗೇ ಹಾಕಿ, ಸ್ಕ್ಯಾನರ್‌ನಲ್ಲಿ ಅದು ಏನೇನೋ ಆಗಿ ಕಾಣುತ್ತದೆ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು.

ಬೆಂಗಳೂರಿನಿಂದ:

ನಾವು ಹೋಗಿದ್ದು ದುಬೈ ಕಡೆ, ಅಲ್ಲಿನ ಕನ್ನಡ ಸಭೆಯ ಕ್ರಿಸ್ಮಸ್‌ಗೆ. ನಿಮಗೆ ನೇರ ಸಂಬಂಧ ಇಲ್ಲ, ಆದರೂ ಓದುವ ಬೇರೆಯವರಿಗೆ ಬೇಕಾಗಬಹುದು. ಅಡುಗೆಗೆ ಅಂತ ಒಬ್ಬ ಆಂಟಿ ಮಸಾಲೆ ಡಬ್ಬಿಯಲ್ಲಿ ಗಸಗಸೆ ಇಟ್ಟಿದ್ದರು. ಯುಎಇಯಲ್ಲಿ ಗಸಗಸೆ ನಿಷೇಧ, ಜೈಲಿನವರೆಗೂ ಹೋಗುವ ವಿಷಯ. ಹಿಂದಿನ ರಾತ್ರಿ ಯಾರೋ ನೋಡಿ ತೆಗೆಸಿದರು, ದೇವರು ದೊಡ್ಡವನು. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಅಲ್ಲಿ ಕಟ್ಟುನಿಟ್ಟು. ಹಾಡುವವರ ಚೀಲದಲ್ಲಿ ಕೆಮ್ಮಿನ ಔಷಧಿ ಇರದೇ ಇರುತ್ತದಾ?

ಮೈಸೂರಿನಿಂದ:

ವೀಸಾ ಏಜೆಂಟ್ ಹೇಳಿರುತ್ತಾರೆ ಅಂದುಕೊಂಡು ಎರಡೇ ಮಾತು. ಸ್ವಿಟ್ಜರ್ಲೆಂಡ್ ಕೂಡ ಒಂದೇ ವೀಸಾ ನಡೆಯುವ ದೇಶಗಳ ಗುಂಪಾದ ಷೆಂಗೆನ್‌ನಲ್ಲಿದೆ, ಜರ್ಮನಿಯಿಂದ ಹೋಗಲು ಬೇರೆ ವೀಸಾ ಬೇಡ. ಆದರೆ ಅದು ಯೂರೋಪಿಯನ್ ಒಕ್ಕೂಟದಲ್ಲಿಲ್ಲ, ಗಡಿಯಲ್ಲಿ ಸಾಮಾನು ಕೇಳಬಹುದು. ಬೆಲೆಬಾಳುವ ವಾದ್ಯ ಇದ್ದರೆ ಸುಂಕ ಕಟ್ಟದೆ ಒಯ್ದು ವಾಪಸ್ ತರಲು ಎಟಿಎ ಕಾರ್ನೆ ಅಂತ ಒಂದು ಕಾಗದ ಇದೆ, ನಮ್ಮಲ್ಲಿ ಅದನ್ನು ಫಿಕ್ಕಿ ಎಂಬ ವಾಣಿಜ್ಯ ಒಕ್ಕೂಟದವರು ಕೊಡುತ್ತಾರೆ. ಸಾಮಾನ್ಯ ಕೀಬೋರ್ಡ್‌ಗೆ ಅಷ್ಟು ಬೇಡ ಅನ್ನಿಸುತ್ತದೆ, ಆದರೆ ಹೊರಡುವಾಗ ನಮ್ಮ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ನಾವು ಮಾಡಿಸಿರಲಿಲ್ಲ. ವಾಪಸ್ ಬಂದಾಗ, ಈ ಕೀಬೋರ್ಡ್ ಅಲ್ಲೇ ಕೊಂಡದ್ದಲ್ಲ ಅಂತ ಏನು ಗ್ಯಾರಂಟಿ ಅಂದರು. ಮೇಲೆ ಅಂಟಿಸಿದ್ದ ಸಂಡೇ ಸ್ಕೂಲ್ ಮಕ್ಕಳ ಸ್ಟಿಕರ್‌ಗಳನ್ನು ತೋರಿಸಿ ಬಿಡಿಸಿಕೊಂಡೆವು.

ಎರಡನೇದು, ನಡುವೆ ಇಂಗ್ಲೆಂಡಿಗೂ ಒಂದು ಸುತ್ತು ಅಂತ ಯಾರಾದರೂ ಆಸೆ ಹುಟ್ಟಿಸಿದರೆ ವೀಸಾ ಸಿಂಗಲ್ ಎಂಟ್ರಿಯೋ ಅಂತ ಮೊದಲು ನೋಡಿ. ಹೊರಗೆ ಹೋದರೆ ಒಳಗೆ ಬರಲಾಗುವುದಿಲ್ಲ. ಪ್ಲಗ್ ವಿಷಯಕ್ಕೆ ಬಂದರೆ ಜರ್ಮನಿಯ ದಪ್ಪ ದುಂಡು ಪ್ಲಗ್ ಸ್ವಿಸ್ ಸಾಕೆಟ್‌ಗೆ ಕೂರುವುದಿಲ್ಲ, ಎರಡಕ್ಕೂ ಅಡಾಪ್ಟರ್ ಒಯ್ಯಿರಿ.

ಜರ್ಮನಿಯ ಟ್ಯೂಬಿಂಗೆನ್‌ಗೆ ಹೋದರೆ ನೆನಪಿಡಿ, ನಮ್ಮ ನಿಘಂಟಿನ ಕಿಟ್ಟೆಲ್ ತೀರಿಕೊಂಡದ್ದು ಅಲ್ಲೇ, 1903ರಲ್ಲಿ. ನಾವು ಇಳಿದುಕೊಂಡ ಮನೆಯವರಿಗೆ ಆ ಹೆಸರೇ ಗೊತ್ತಿರಲಿಲ್ಲ. ನಮಗೆ ಒಂಥರಾ ಬೇಜಾರಾಯಿತು.

ಮಂಗಳೂರಿನಿಂದ, ಕೇಳಿದವರೇ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆಯೇ ಮೀಟಿಂಗ್ ಮಾಡಿ ಬಚ್ಚಲಿನ ವಿಷಯ ಹೇಳಿದೆ. ಹುಡುಗರು ನಕ್ಕರು, ಹುಡುಗಿಯರು ಬರೆದುಕೊಂಡರು. 14 ಜನಕ್ಕೂ ನಂಬರ್ ಕೊಟ್ಟೆ. ಈಗ 13 ನನಗೆ ಬೇಡ, ನನಗೆ ಬೇಡ ಅಂತ ಜಗಳ ಶುರುವಾಗಿದೆ.

ಧಾರವಾಡದಿಂದ:

13 ಅಯ್ಯನವರಿಗೆ ಕೊಡಿ. ಅವರು ಬೇಡ ಅನ್ನುವ ಹಾಗಿಲ್ಲ.