ಅಡಿಕೆಗೆ ಔಷಧಿ ಹೊಡೆದ ಹೊತ್ತಿಗೂ ಕೊಳೆರೋಗಕ್ಕೂ ಸಂಬಂಧ ಇದೆಯಾ? ಕೈ-ಸ್ಕ್ವೇರ್ ಹಾಕುವುದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ, ತೀರ್ಥಹಳ್ಳಿ): ನಮಸ್ಕಾರ ಮೇಡಂ. ಪ್ರಾಜೆಕ್ಟಿಗೆ ಅಡಿಕೆ ತೋಟಗಳ ಸರ್ವೆ ಮಾಡುತ್ತಿದ್ದೇನೆ. ಮೊದಲ ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿದ್ದು ಮಳೆ ಹಿಡಿಯುವ ಮುಂಚೆಯೋ, ಹಿಡಿದ ಮೇಲೋ? ಕೊಳೆ ಬಂತೋ, ಇಲ್ಲವೋ? ಇವೆರಡಕ್ಕೂ ಸಂಬಂಧ ಇದೆಯಾ ಅಂತ ನೋಡಬೇಕು. ಗೈಡ್ ಕೈ-ಸ್ಕ್ವೇರ್ (ಎರಡು ವಿಷಯಕ್ಕೆ ಸಂಬಂಧ ಇದೆಯಾ ಅಂತ ಎಣಿಕೆಗಳಿಂದ ನೋಡುವ ಪರೀಕ್ಷೆ) ಹಾಕು ಅಂದರು. ಪ್ರತಿ ತೋಟದಲ್ಲಿ 10 ಮರ ನೋಡುತ್ತಿದ್ದೇನೆ. ತೋಟದ ಬದಲು ಮರಗಳನ್ನೇ ಎಣಿಸಿದರೆ ಸಂಖ್ಯೆ ಜಾಸ್ತಿ ಸಿಗುತ್ತೆ, ಒಳ್ಳೆಯದಲ್ವಾ?

ಉತ್ತರ (ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ): ಪರೀಕ್ಷೆ ಸರಿಯಾಗಿದೆ. ಮರ ಮಾತ್ರ ಎಣಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ ನೋಡೋಣ.

ಅಭ್ಯಾಸಕ್ಕೆ ನಾನೇ ಕಟ್ಟಿದ ಅಂಕಿಗಳು ಇವು. ಒಟ್ಟು 120 ತೋಟ. 80 ತೋಟಗಳಲ್ಲಿ ಮಳೆಗೆ ಮುಂಚೆ ಹೊಡೆದಿದ್ದಾರೆ. 24ಕ್ಕೆ ಕೊಳೆ ಬಂತು, 56ಕ್ಕೆ ಇಲ್ಲ. ಉಳಿದ 40ರಲ್ಲಿ ಮಳೆ ಹಿಡಿದ ಮೇಲೆ ಹೊಡೆದರು. 24ಕ್ಕೆ ಬಂತು, 16ಕ್ಕೆ ಇಲ್ಲ. ಒಟ್ಟು 48 ತೋಟಕ್ಕೆ ಕೊಳೆ, ಅಂದರೆ ನೂರಕ್ಕೆ 40.

ಈಗ ಎರಡಕ್ಕೂ ಸಂಬಂಧವೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗ ಎರಡೂ ಗುಂಪಿನಲ್ಲಿ ನೂರಕ್ಕೆ 40ರಂತೆಯೇ ಕೊಳೆ ಬರಬೇಕು: 80ರಲ್ಲಿ 32, 40ರಲ್ಲಿ 16. ಕೊಳೆ ಬಾರದವು 48 ಮತ್ತು 24. ಈ ನಾಲ್ಕು ಎಣಿಕೆಗಳನ್ನು ಕೋಷ್ಟಕದ ನಾಲ್ಕು ಮನೆಗಳಲ್ಲಿ (ಚೌಕಗಳಲ್ಲಿ) ಬರೆದರೆ, ಕಂಡಿದ್ದಕ್ಕೂ ಈ ನಿರೀಕ್ಷೆಗೂ ಪ್ರತಿ ಮನೆಯಲ್ಲೂ 8ರ ವ್ಯತ್ಯಾಸ ಇದೆ. ಅದರ ವರ್ಗ 64. ಅದನ್ನು ಆಯಾ ಮನೆಯ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿಸಿ: 2 + 1.33 + 4 + 2.67 = 10. ನೂರಕ್ಕೆ 5ರ ಮಟ್ಟದಲ್ಲಿ (ಸಂಬಂಧ ಇಲ್ಲದಿದ್ದರೂ ಆಕಸ್ಮಿಕವಾಗಿ ನೂರಕ್ಕೆ 5 ಸಲ ದಾಟಬಹುದಾದ) ಗಡಿ 3.84. ದಾಟಿತು. ಸಂಬಂಧ ಇಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಈ ಗಡಿ 1 ಡಿಗ್ರಿ ಆಫ್ ಫ್ರೀಡಂನದು, ಅಂದರೆ ಸ್ವತಂತ್ರವಾಗಿ ತುಂಬಬಹುದಾದ ಮನೆ ಒಂದೇ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಈ ಪರೀಕ್ಷೆ ಕೊಟ್ಟರು, ಆದರೆ ನಾಲ್ಕು ಮನೆಯ ಕೋಷ್ಟಕಕ್ಕೆ 3 ಅಂತ ಹಿಡಿದಿದ್ದರು. 1922ರಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಫಿಶರ್ ಅದನ್ನು ತಿದ್ದಿದರು. ಅಡ್ಡ, ಉದ್ದದ ಮೊತ್ತ ಗೊತ್ತಿದ್ದರೆ ಒಂದು ಮನೆ ತುಂಬಿದ ಕೂಡಲೇ ಉಳಿದ ಮೂರೂ ತಾವಾಗೇ ತುಂಬುತ್ತವೆ. ಹಾಗಾಗಿ 1.

ಇನ್ನು ಮರದ ವಿಷಯ. ಇದೇ ಮುಖ್ಯ. ಕೈ-ಸ್ಕ್ವೇರ್ ಪ್ರಕಾರ ಎಣಿಸಿದ ಒಂದೊಂದೂ ಇನ್ನೊಂದರ ಹಂಗಿಲ್ಲದೆ ಇರಬೇಕು. ಒಂದು ತೋಟದ ಹತ್ತೂ ಮರಕ್ಕೆ ಅದೇ ಕೊನೆಗಾರ (ಮರ ಹತ್ತುವ ಕೆಲಸಗಾರ) ಅದೇ ಡ್ರಮ್ಮಿನ ಔಷಧಿ ಹೊಡೆದಿರುತ್ತಾನೆ. ಕೊಳೆಯೂ ಮಳೆ ಹನಿ ಸಿಡಿದು, ಗಾಳಿಗೆ ಹಾರಿ ಪಕ್ಕದ ಗೊನೆಗೆ ಹಬ್ಬುತ್ತದೆ. ಒಂದು ಮರ ಹಿಡಿದರೆ ಪಕ್ಕದ್ದು ಹಿಡಿಯುವ ಸಾಧ್ಯತೆ ಜಾಸ್ತಿ. ಮೇಲಿನ ಅಂಕಿಗಳನ್ನೇ 1200 ಮರ ಮಾಡಿ, ಪ್ರಮಾಣ ಹಾಗೇ ಇಡಿ. ಉತ್ತರ 10 ಇದ್ದದ್ದು 100 ಆಗುತ್ತದೆ! ಹೊಸದಾಗಿ ಒಂದು ತೋಟವನ್ನೂ ನೋಡಿಲ್ಲ, ಆದರೂ ಸಾಕ್ಷಿ ಹತ್ತು ಪಟ್ಟು ಉಬ್ಬಿತು. ಅದಕ್ಕೇ ಒಂದು ತೋಟಕ್ಕೆ ಒಂದೇ ಗುರುತು ಹಾಕಿ. ಹತ್ತರಲ್ಲಿ ಎಷ್ಟು ಮರಕ್ಕೆ ಬಂದರೆ 'ಕೊಳೆ ಇದೆ' ಅನ್ನುತ್ತೀರಿ ಅಂತ ಸರ್ವೆಗೆ ಹೊರಡುವ ಮುಂಚೆಯೇ ಬರೆದಿಡಿ. ಒಂದೇ ಕಣಿವೆಯ ಅಂಟಿಕೊಂಡ ತೋಟಗಳನ್ನೇ ಆರಿಸಿಕೊಳ್ಳಬೇಡಿ. ಮತ್ತೆ, ಕೋಷ್ಟಕದಲ್ಲಿ ಶೇಕಡಾ ಹಾಕಬಾರದು, ಎಣಿಕೆಯನ್ನೇ ಹಾಕಬೇಕು.

ಪ್ರಶ್ನೆ (ಬೆಳೆಗಾರರು, ಹೊಸನಗರ): ಹಾಗಾದರೆ ಮುಂಚೆ ಹೊಡೆದಿದ್ದಕ್ಕೇ ಕೊಳೆ ಕಮ್ಮಿ ಆಯ್ತು ಅಂತಲಾ ಮೇಡಂ?

ಉತ್ತರ: ಅಷ್ಟು ದೂರ ಈ ಪರೀಕ್ಷೆ ಹೋಗುವುದಿಲ್ಲ ಸರ್. ಮುಂಚೆ ಹೊಡೆಯುವವರು ಬಸಿಗಾಲುವೆಯನ್ನೂ ಚೊಕ್ಕ ಇಟ್ಟಿರಬಹುದು, ಉದುರಿದ ಕಾಯಿಯನ್ನೂ ಆರಿಸಿ ತೆಗೆದಿರಬಹುದು. ಕೊಳೆ ಕಮ್ಮಿಯಾಗಲು ಅದೂ ಕಾರಣ ಆಗಬಹುದಲ್ವಾ? ಕಾಲುವೆ ಸರಿ ಇರುವ ತೋಟಗಳಿಗೆ ಒಂದು ಕೋಷ್ಟಕ, ಇಲ್ಲದವಕ್ಕೆ ಇನ್ನೊಂದು ಮಾಡಿ ನೋಡಿದರೆ ಸ್ವಲ್ಪ ಬಿಡಿಸಿ ಹೇಳಬಹುದು.

ಪ್ರಶ್ನೆ (ವಿದ್ಯಾರ್ಥಿನಿ): ಕೊಟ್ಟೆ (ಮಳೆ ತಾಗದಂತೆ ಗೊನೆಗೆ ಹಾಕುವ ಹೊದಿಕೆ) ಕಟ್ಟಿದವರನ್ನು ಕೋಷ್ಟಕದಲ್ಲಿ ಬೇರೆ ಸಾಲು ಮಾಡಬೇಕು ಅಂತಿದ್ದೇನೆ. ಅಂಥವು ಆರೇ ತೋಟ ಸಿಕ್ಕಿವೆ.

ಉತ್ತರ: ನೂರಕ್ಕೆ 40ರ ಲೆಕ್ಕದಲ್ಲಿ ಆ ಸಾಲಿನ ನಿರೀಕ್ಷೆ 2.4 ಮತ್ತು 3.6. ಎರಡೂ 5ಕ್ಕಿಂತ ಕಮ್ಮಿ, ಅಲ್ಲಿ ಕೈ-ಸ್ಕ್ವೇರ್ ನಂಬುವ ಹಾಗಿಲ್ಲ. ಸಣ್ಣ ಎಣಿಕೆಗಳಿಗೆ ಹೊಂದುವ ಫಿಶರ್ ಎಕ್ಸಾಕ್ಟ್ ಪರೀಕ್ಷೆ ಹಾಕಿ, 'ಆರ್' ಸಾಫ್ಟ್‌ವೇರಿನಲ್ಲಿ ಇದೆ. ಆ ಆರು ತೋಟಗಳನ್ನು ಸುಮ್ನೆ ಇನ್ನೊಂದು ಸಾಲಿಗೆ ಸೇರಿಸಬೇಡಿ. ಕೊಟ್ಟೆ ಕಟ್ಟುವುದೇ ಬೇರೆ ಉಪಾಯ.